ನೋಟದ ಹೊಣೆ



ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ತೆಂಗಿನ ತೋಟ, ಎರಡು ಹಸು. ಮದುವೆಯಾಗಿ 15 ವರ್ಷ. ಮಗನಿಗೆ 13, ಮಗಳಿಗೆ 9. ನಮ್ಮ ಯಜಮಾನರು ಕುಡಿಯುವವರಲ್ಲ, ಇಸ್ಪೀಟು ಆಡುವವರಲ್ಲ. ಭಾನುವಾರ ಸಭೆಯಲ್ಲಿ ಹಾಡು ಎತ್ತಿಕೊಡುವವರೇ ಅವರು. ಹೋದ ತಿಂಗಳು ಡೇರಿ ದುಡ್ಡು ಬಂತೇನೋ ನೋಡೋಣ ಎಂದು ಅವರ ಫೋನು ತೆಗೆದೆ. ನೋಡಬಾರದ್ದೆಲ್ಲ ಕಣ್ಣಿಗೆ ಬಿತ್ತು.

ಮೋಟರಿಗೆ ತ್ರೀ ಫೇಸ್ ಕರೆಂಟು ನಮ್ಮಲ್ಲಿ ಎಷ್ಟೋ ವಾರ ರಾತ್ರಿ ಹೊತ್ತೇ ಬರುವುದು. ಉಂಡು ತೋಟದ ಶೆಡ್ಡಿಗೆ ಹೋದರೆ ಎರಡು ಗಂಟೆಗೋ ಮೂರಕ್ಕೋ ವಾಪಸ್ಸು ಬರುತ್ತಿದ್ದರು. ಪಾಪ, ನಿದ್ದೆಗೆಟ್ಟು ದುಡಿಯುತ್ತಾರೆ ಅಂದುಕೊಂಡು ನಾನು ಫ್ಲಾಸ್ಕಿನಲ್ಲಿ ಟೀ ಹಾಕಿ ಕಳಿಸುತ್ತಿದ್ದೆ. ಕೇಳಿದಾಗ ಮೊದಲು, ಯಾರೋ ಗ್ರೂಪಿಗೆ ಕಳಿಸಿದ್ದು ಅಂದರು. ಆಮೇಲೆ ಅತ್ತುಬಿಟ್ಟರು. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಬಿಡೋಕೆ ಆಗ್ತಿಲ್ಲ ಅಂದರು. ಅವರ ಗೆಳೆಯರ ಗ್ರೂಪಿನಲ್ಲಿ ಎಲೆಕ್ಷನ್ ಟೈಮಿನ ಹಾಸನದ ವಿಡಿಯೊಗಳೂ ಇದ್ದವು. ಅಂಥದರಲ್ಲಿ ಇರುವ ಹಾಗೆ ನೀನೂ ಇರು ಎಂದು ನನ್ನನ್ನು ಕೇಳಿದ್ದೂ ಉಂಟು. ಆಗ ನನಗೆ ಅರ್ಥವಾಗಿರಲಿಲ್ಲ.

ನಮ್ಮ ಸಭೆಯ ಹಿರಿಯಮ್ಮ ಒಬ್ಬರಿಗೆ ಹೇಳಿಕೊಂಡೆ. ಹೆಂಡತಿ ಸಂತೋಷವಾಗಿ ಇಟ್ಟುಕೊಂಡರೆ ಗಂಡಸು ಅದನ್ನೆಲ್ಲ ಯಾಕೆ ನೋಡುತ್ತಾನೆ, ಕ್ಷಮಿಸಿಬಿಡು, ಪ್ರಾರ್ಥನೆ ಮಾಡು, ಯಾರ ಹತ್ತಿರಾನೂ ಬಾಯಿ ಬಿಡಬೇಡ ಅಂದರು. ಎರಡನೇ ಮಗುವಾದ ಮೇಲೆ ನನಗೆ ಮೈ ಬಂದಿದೆ, ನಿಜ. ಬರುವ ಭಾನುವಾರ ಕರ್ತನ ಭೋಜನ. ಅವರ ಪಕ್ಕ ಮೊಣಕಾಲೂರಲು ನನಗೆ ಮನಸ್ಸಿಲ್ಲ. ಮಗನೂ ಅದೇ ಫೋನಿನಲ್ಲಿ ಹೋಂವರ್ಕ್ ನೋಡುತ್ತಾನೆ. ನನ್ನಲ್ಲಿ ಏನು ಕೊರತೆ ಅಕ್ಕ? ನಾನೇನು ಮಾಡಲಿ?

— ಹೆಸರು ಬೇಡ, ತುರುವೇಕೆರೆ ತಾಲ್ಲೂಕು

ತಂಗೀ,

ಅಕ್ಕ ಎಂದಿದ್ದೀಯ, ಅದಕ್ಕೇ ನೀನು ಎಂದು ಬರೆಯುತ್ತೇನೆ. ನಿನ್ನ ಕಡೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ನಿನ್ನನ್ನು ರಾತ್ರಿಯೆಲ್ಲ ಕೊರೆಯುತ್ತಿದೆ ಎಂದು ಕಾಗದ ನೋಡಿದರೇ ಗೊತ್ತಾಗುತ್ತದೆ. ನಿನ್ನ ಕೊರತೆಯಿಂದ ಇದು ಆಗಿಲ್ಲ. ನೀನು ತೆಳ್ಳಗಿದ್ದಿದ್ದರೂ ಆಗುತ್ತಿತ್ತು. ಮದುವೆಯಾಗಿ ಮೂರು ತಿಂಗಳಾಗದ ಹುಡುಗಿಯರು ಇದೇ ದೂರು ಹೇಳಿಕೊಂಡು ನನ್ನ ಮುಂದೆ ಕೂತು ಅತ್ತಿದ್ದಾರೆ. ಅವರೂ ತಮ್ಮ ಮೈಯನ್ನೇ ಬೈದುಕೊಳ್ಳುತ್ತಿದ್ದರು.

ಹಿರಿಯಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಹಿಂದಿನವರು ಹೇಳಿದ್ದನ್ನೇ ನಿನಗೆ ಹೇಳಿದ್ದಾರೆ. ಆದರೆ ಅವರು ಹೇಳಿದ್ದು ಯೇಸು ಸ್ವಾಮಿ ಹೇಳಿದ್ದಕ್ಕೆ ನೇರವಾಗಿ ವಿರುದ್ಧ. ಮತ್ತಾಯನ 5ನೇ ಅಧ್ಯಾಯ ತೆಗೆದು, ವ್ಯಭಿಚಾರದ ಮಾತು ಬರುವ ಕಡೆ ನಿಧಾನವಾಗಿ ಓದು. ಪರಸ್ತ್ರೀಯನ್ನು ಮೋಹದಿಂದ ನೋಡಿದವನು ಹೃದಯದಲ್ಲಿ ಆಗಲೇ ವ್ಯಭಿಚಾರ ಮಾಡಿದ್ದಾನೆ ಎಂಬ ಅರ್ಥದ ಮಾತು ಅಲ್ಲಿದೆ. ಆ ಹೆಂಗಸು ಏನು ಉಟ್ಟಿದ್ದಳು, ಹೇಗೆ ನಿಂತಿದ್ದಳು, ಎಷ್ಟು ಚೆಲುವೆ ಎಂಬ ಒಂದು ಅಕ್ಷರವೂ ಅಲ್ಲಿಲ್ಲ. ನೋಡುವವನ ಮನೆಯಲ್ಲಿರುವ ಹೆಂಡತಿ ಹೇಗಿದ್ದಳು ಎಂಬ ಮಾತೂ ಇಲ್ಲ. ಆ ಕಾಲದಲ್ಲಿ, ಈ ಕಾಲದಲ್ಲೂ, ಗಂಡಸಿನ ಕಣ್ಣು ಜಾರಿದರೆ ಹೆಂಗಸಿನ ಸೆರಗು ಸರಿಮಾಡಲು ಹೇಳುವುದೇ ರೂಢಿ. ಸ್ವಾಮಿ ಆ ಹೊಣೆಯನ್ನು ಎತ್ತಿ ನೋಡುವವನ ತಲೆಯ ಮೇಲಿಟ್ಟರು. ಮುಂದಿನ ಮಾತು ಇನ್ನೂ ಕಠಿಣ: ಕಣ್ಣು ಪಾಪಕ್ಕೆ ಎಳೆದರೆ ಕಣ್ಣನ್ನೇ ಕಿತ್ತುಹಾಕು ಎನ್ನುವಷ್ಟು. ಕಿತ್ತುಹಾಕಬೇಕಾದ್ದು ನೋಡುವವನ ಕಣ್ಣು ಎಂಬುದನ್ನು ಗಮನಿಸು.

ದಾವೀದ ಮತ್ತು ಬತ್ಷೆಬೆಯ ಕಥೆಯನ್ನು ನಮ್ಮ ಸಭೆಗಳಲ್ಲಿ ಹೇಗೆ ಹೇಳುತ್ತಾರೆ ನೆನಪಿಸಿಕೋ. ಮಾಳಿಗೆಯಿಂದ ಕಾಣುವ ಹಾಗೆ ಸ್ನಾನಕ್ಕೆ ಕೂತಳು ಎಂದು ಅವಳ ಕಡೆಗೇ ಒಂದು ಬೆರಳು ತೋರಿಸುತ್ತಾರೆ. ಎರಡನೆಯ ಸಮುವೇಲದ 11, 12ನೇ ಅಧ್ಯಾಯಗಳಲ್ಲಿ ಅವಳ ಮೇಲೆ ಒಂದೇ ಒಂದು ಆರೋಪವಿಲ್ಲ. ನೋಡಿದವನು ದಾವೀದ, ವಿಚಾರಿಸಿದವನು ದಾವೀದ, ಆಳು ಕಳಿಸಿ ಕರೆಸಿಕೊಂಡವನೂ ಅವನೇ. ಪಾಪ ಮುಚ್ಚಲು ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿಸಿ ಕೊಲ್ಲಿಸಿದವನೂ ಅವನೇ. ಪ್ರವಾದಿ ನಾತಾನ ಬಂದು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿ ಬೆರಳು ತೋರಿಸಿದ್ದು ರಾಜನಿಗೆ, ಬತ್ಷೆಬೆಗಲ್ಲ. ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿಯಲ್ಲಿ ಅವಳ ಹೆಸರನ್ನೂ ಬರೆಯದೆ ಊರೀಯನ ಹೆಂಡತಿ ಎಂದೇ ದಾಖಲಿಸಿದ್ದಾರೆ. ಅಷ್ಟು ತಲೆಮಾರು ಕಳೆದರೂ ಆ ಅನ್ಯಾಯ ಯಾರದು ಎಂಬುದನ್ನು ಬರೆದವರು ಅಳಿಸಲಿಲ್ಲ. ನಾನು ಇದನ್ನು ಓದುವಾಗಲೆಲ್ಲ ನಿನ್ನಂಥವರನ್ನು ನೆನೆಯುತ್ತೇನೆ.

ಇನ್ನು ಹಾಸನದ ವಿಡಿಯೊ. ಒಂದೇ ಸಾಲು ಬರೆದು ನೀನು ಮುಂದೆ ಹೋಗಿದ್ದೀಯ, ನಾನು ಅಲ್ಲೇ ನಿಂತುಬಿಟ್ಟೆ. 2024ರ ಏಪ್ರಿಲ್‌ನಲ್ಲಿ, ಲೋಕಸಭೆ ಮತದಾನಕ್ಕೆ ಕೆಲವೇ ದಿನವಿದ್ದಾಗ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹಾಸನ ಜಿಲ್ಲೆಯಲ್ಲಿ ಬೀದಿಗೆ ಬಿದ್ದವು. ಅವುಗಳಲ್ಲಿದ್ದ ಹೆಂಗಸರ ಮುಖವನ್ನು ಯಾರೂ ಮಸುಕು ಮಾಡಿರಲಿಲ್ಲ. ಅಲ್ಲಿಂದ ನಮ್ಮ ಕಡೆಗೆ ಬರಲು ಎಷ್ಟು ಹೊತ್ತು? ತಿಪಟೂರಿನ ಪಕ್ಕದ ತಾಲ್ಲೂಕು ಅರಸೀಕೆರೆ, ತುರುವೇಕೆರೆಯ ಪಕ್ಕದ್ದು ಚನ್ನರಾಯಪಟ್ಟಣ. ಹೆಣ್ಣು ಕೊಟ್ಟು ಹೆಣ್ಣು ತಂದ ಊರುಗಳು. ಆ ವಾರ ಟೀ ಅಂಗಡಿಗಳಲ್ಲಿ ಗಂಡಸರು ಫೋನಿನ ಮೇಲೆ ಬಾಗಿಕೊಂಡು, ಇವಳು ಯಾವ ಊರವಳು, ಯಾರ ಮನೆಯವಳು ಎಂದು ಗುರುತು ಹಿಡಿಯುತ್ತಿದ್ದುದನ್ನು ಕಂಡವರು ಬಹಳ ಜನ. ಊರಲ್ಲಿ ತಲೆ ಎತ್ತಲಾಗದೆ ಕೆಲವು ಹೆಂಗಸರು ಮನೆ ಬಿಟ್ಟು ಹೋದರೆಂದು ಪತ್ರಿಕೆಗಳಲ್ಲಿ ಬಂತು. ತನಿಖೆಗೆ ನೇಮಿಸಿದ ವಿಶೇಷ ತಂಡವೇ, ಆ ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಅಪರಾಧ ಎಂದು ಎಚ್ಚರಿಸಬೇಕಾಯಿತು. ಆ ವಿಡಿಯೊಗಳಿಂದ ಹೊರಬಂದ ಪ್ರಕರಣಗಳಲ್ಲೊಂದರಲ್ಲಿ, 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಮನೆಗೆಲಸದ ಹೆಂಗಸೊಬ್ಬರ ಮೇಲಿನ ಅತ್ಯಾಚಾರದ ಅಪರಾಧಿ ಎಂದು ತೀರ್ಮಾನಿಸಿತು. ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು.

ಹಾಗಾದರೆ ತೋಟದ ಶೆಡ್ಡಿನಲ್ಲಿ ಕೂತು, ಮೋಟರಿನ ಸದ್ದಿನಲ್ಲಿ, ಅದನ್ನು ನೋಡಿದವರು ನೋಡಿದ್ದೇನು? ಸುದ್ದಿ ಎಂದು ಕೆಲವರು ಹೇಳಿಕೊಂಡರು. ಕಂಡದ್ದು ಒಬ್ಬ ಹೆಂಗಸಿನ ಬಾಳಿನ ಅತ್ಯಂತ ಕೆಟ್ಟ ಗಳಿಗೆ. ಅವಳನ್ನು ಒಂದು ಸಲ ಒಬ್ಬ ಕೆಡಿಸಿದ, ಆಮೇಲೆ ಫೋನಿರುವ ಪ್ರತಿಯೊಬ್ಬನೂ ಒಂದೊಂದು ಸಲ. ಇದನ್ನು ನಿನ್ನ ಯಜಮಾನರು ಓದಬೇಕು. ನಾನು ಅವರನ್ನು ಅವಮಾನ ಮಾಡಲು ಬರೆಯುತ್ತಿಲ್ಲ. ಪರದೆಯ ಮೇಲೆ ಕಾಣುವವಳು ಯಾರದೋ ಮಗಳು ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ಆ ವಾರ ಅದು ಬಾಯಿಮಾತಾಗಿ ಉಳಿಯಲಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತಿತು.

ಹೊರದೇಶದ ವಿಡಿಯೊಗಳ ಹೆಂಗಸರು ದುಡ್ಡು ತೆಗೆದುಕೊಂಡು ಒಪ್ಪಿಯೇ ಮಾಡಿರುತ್ತಾರೆ ಎಂದು ಗಂಡಸರು ನನಗೆ ವಾದಿಸಿದ್ದಾರೆ. ನೋಡುವವನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. 2020ರ ಡಿಸೆಂಬರಿನಲ್ಲಿ, ಅಪ್ರಾಪ್ತ ಮಕ್ಕಳ ಮತ್ತು ಬಲಾತ್ಕಾರದ ದೃಶ್ಯಗಳು ಸಿಕ್ಕಾಪಟ್ಟೆ ಇವೆ ಎಂದು ಅಮೆರಿಕದ ಪತ್ರಿಕೆಯೊಂದು ಬಯಲು ಮಾಡಿದ ಮೇಲೆ, ಜಗತ್ತಿನ ಅತಿ ದೊಡ್ಡ ತಾಣಗಳಲ್ಲೊಂದು ಯಾರು ಹಾಕಿದ್ದೆಂದು ಖಾತ್ರಿಯಿಲ್ಲದ ವಿಡಿಯೊಗಳನ್ನೆಲ್ಲ ಒಟ್ಟಿಗೆ ತೆಗೆದುಹಾಕಿತು. ಅದರಲ್ಲಿದ್ದದ್ದರ ಬಹುಪಾಲು ಹೋಯಿತು. ಅದರ ಹಿಂದಿನ ವಾರ ಅವನ್ನು ನೋಡಿದ ಲಕ್ಷಾಂತರ ಗಂಡಸರೂ ಒಪ್ಪಿಯೇ ಮಾಡಿದ್ದಾರೆ ಅಂದುಕೊಂಡಿದ್ದರು. ಹೆಣ್ಣು ಗಂಡು ಎರಡನ್ನೂ ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದನೆಂದು ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ. ಒಪ್ಪಿದವಳಾದರೂ ಒಪ್ಪದವಳಾದರೂ ಆ ಸ್ವರೂಪ ಅವಳಲ್ಲಿದೆ. ನಮ್ಮ ನಂಬಿಕೆಯ ಪ್ರಕಾರ ಈ ಪಾಪದ ಬೇರು ಇಲ್ಲೇ. ಒಬ್ಬ ಮನುಷ್ಯಳನ್ನು ಅರ್ಧ ಗಂಟೆ ಬಳಸಿ, ಬೆರಳಿನಿಂದ ಪಕ್ಕಕ್ಕೆ ಸರಿಸಿ, ಮುಂದಿನವಳಿಗೆ ಹೋಗುವುದು. ದಿನಾ ಹಾಗೆ ಸರಿಸಿ ರೂಢಿಯಾದ ಕಣ್ಣು ಮನೆಗೆ ಬಂದ ಮೇಲೆ ತಟ್ಟನೆ ಬದಲಾಗುವುದಿಲ್ಲ. ನಿನಗೆ ತಟ್ಟಿದ ನೋವು ಅದೇ. ಅವರು ಮಗ್ಗುಲಲ್ಲಿದ್ದೂ ನಿನ್ನನ್ನು ನೋಡುತ್ತಿರಲಿಲ್ಲ.

ಅದರಲ್ಲಿ ಇರುವ ಹಾಗೆ ಇರು ಎಂದು ಕೇಳಿದರಲ್ಲ, ಅದಕ್ಕೆ ಒಲ್ಲೆ ಎನ್ನುವ ಹಕ್ಕು ನಿನಗಿದೆ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಎಂದು ಯಾರಾದರೂ ಪೌಲನನ್ನು ಎತ್ತಿ ಹೇಳಿದರೆ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯವನ್ನು ಪೂರ್ತಿ ಓದಲು ಹೇಳು. ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರ ಇದೆ ಎಂದು ಅಲ್ಲಿ ಬರುತ್ತದೆ. ಅಂದರೆ ಅವರ ಕಣ್ಣಿನ ಮೇಲೂ ನಿನಗೆ ಮಾತಿದೆ. ನಾವು ಪ್ರಾಟೆಸ್ಟೆಂಟರು ಪೋಪರ ಮಾತು ಓದುವುದು ಕಡಿಮೆ, ಆದರೂ ಒಂದು ಸಂಗತಿ ಹೇಳುತ್ತೇನೆ. 1980ರ ಅಕ್ಟೋಬರ್ 8ರಂದು ಪೋಪ್ ಎರಡನೇ ಜಾನ್ ಪಾಲ್ ರೋಮಿನಲ್ಲಿ ಉಪದೇಶ ಮಾಡುತ್ತಾ, ಗಂಡನಾದವನು ತನ್ನ ಹೆಂಡತಿಯನ್ನೇ ಬರೀ ಆಸೆ ತೀರಿಸಿಕೊಳ್ಳುವ ವಸ್ತುವಿನಂತೆ ನೋಡಿದರೆ ಅದೂ ಸ್ವಾಮಿ ಎಚ್ಚರಿಸಿದ ಅದೇ ಪಾಪ ಎಂಬ ಅರ್ಥದ ಮಾತಾಡಿದರು. ಪತ್ರಿಕೆಗಳು ಆಗ ಗದ್ದಲ ಎಬ್ಬಿಸಿದವು, ಮದುವೆಯಾದ ಮೇಲೂ ಪಾಪವೇ ಎಂದು. ನನಗೆ ಆ ಮಾತು ಸರಿಯಾಗಿಯೇ ಕಾಣುತ್ತದೆ. ತಾಳಿಯೋ ಉಂಗುರವೋ ಇದ್ದ ಮಾತ್ರಕ್ಕೆ ನೋಟ ತಾನಾಗಿ ಶುದ್ಧವಾಗುವುದಿಲ್ಲ.

ಈಗ ನಿನ್ನ ಯಜಮಾನರ ವಿಷಯ. ಬಿಡೋಕೆ ಆಗ್ತಿಲ್ಲ ಎಂದು ಅತ್ತರು ಎಂದಿದ್ದೀಯ. ನಾನು ಆ ಅಳುವನ್ನು ನಂಬುತ್ತೇನೆ. ನಾಲ್ಕು ವರ್ಷ ಎಂದರೆ ಕೊರೊನಾ ಕಾಲದ ಹತ್ತಿರ ಬಂತು. ನಮ್ಮ ಕಡೆ ಎಷ್ಟೋ ಮನೆಗೆ ಮೊದಲ ಸ್ಮಾರ್ಟ್‌ಫೋನ್ ಬಂದದ್ದೇ ಆಗ, ಮಕ್ಕಳ ಆನ್‌ಲೈನ್ ಪಾಠಕ್ಕೆಂದು. ಪಾಠ ಮುಗಿದ ಮೇಲೆ ಫೋನು ಅಪ್ಪಂದಿರ ಜೇಬಿಗೆ ಹೋಯಿತು.

ಇದು ಕಾಯಿಲೆಯೋ ಪಾಪವೋ ಎಂದು ಬಹಳ ಜನ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, 2022ರ ಜನವರಿಯಿಂದ ಜಾರಿಯಲ್ಲಿರುವುದು, ಹತೋಟಿ ತಪ್ಪಿದ ಲೈಂಗಿಕ ನಡವಳಿಕೆಯನ್ನು ಒಂದು ಮಾನಸಿಕ ತೊಂದರೆಯಾಗಿ ಸೇರಿಸಿಕೊಂಡಿದೆ. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ನಿಲ್ಲಿಸಲಾಗದೆ, ಮನೆ, ಕೆಲಸ, ಆರೋಗ್ಯ ಎಲ್ಲವೂ ಅದರ ಹಿಂದೆ ಬಿದ್ದರೆ ಮಾತ್ರ. ತಪ್ಪು ಮಾಡಿದೆನೆಂಬ ಕೊರಗು ಒಂದೇ ಇದ್ದರೆ ಅದನ್ನು ಕಾಯಿಲೆ ಎನ್ನಬಾರದೆಂದೂ ಅಲ್ಲೇ ಎಚ್ಚರಿಸಿದ್ದಾರೆ. ವೈದ್ಯರು ಹೀಗೆ ಗೆರೆ ಎಳೆದದ್ದು ನನಗೆ ಒಪ್ಪಿಗೆ. ನಿನ್ನ ಯಜಮಾನರು ಗೆರೆಯ ಯಾವ ಕಡೆ ಇದ್ದಾರೆಂದು ನಾನು ಇಲ್ಲಿ ಕೂತು ಹೇಳಲಾರೆ, ನೀನೂ ಹೇಳಲಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್‌ನೆಟ್ ಚಟಕ್ಕೆಂದೇ ಶಟ್ ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ, ಟೆಲಿ ಮಾನಸ್‌ಗೆ, ಅವರೇ ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ, ರಾತ್ರಿಯೂ ಎತ್ತುತ್ತಾರೆ. ಈ ಮಾತನ್ನು ಒತ್ತಿ ಹೇಳುತ್ತೇನೆ: ಅವರೇ ಮಾಡಲಿ, ನೀನು ಮಾಡಿಕೊಡಬೇಡ.

ಮೊದಲು ಆಗಬೇಕಾದ ಕೆಲಸ ತೋಟದ್ದು. ರಾತ್ರಿ ಒಬ್ಬರೇ, ನಾಲ್ಕು ಗಂಟೆ, ಕೈಯಲ್ಲಿ ಫೋನು, ಕಿವಿಗೆ ಮೋಟರಿನ ಸದ್ದು. ಒಳ್ಳೆಯ ಮನುಷ್ಯನನ್ನೂ ಕೆಡಿಸಲು ಅಷ್ಟು ಸಾಕು. ಫೋನ್ ಕರೆ ಮಾಡಿದರೆ ಮೋಟರು ಆನ್ ಆಗುವ, ಆಫ್ ಆಗುವ ಮೊಬೈಲ್ ಸ್ಟಾರ್ಟರ್‌ಗಳು ಈಗ ನಿಮ್ಮ ಸುತ್ತಮುತ್ತಲ ತೋಟಗಳಲ್ಲಿ ಇದ್ದೇ ಇವೆ, ಅದನ್ನು ಹಾಕಿಸಲಿ. ಅದಕ್ಕೆ ಬಟನ್ ಫೋನೇ ಸಾಕು. ಸ್ಮಾರ್ಟ್‌ಫೋನು ಊಟದ ಹೊತ್ತಿಗೆ ಅಡುಗೆಮನೆಯ ಚಾರ್ಜರಿಗೆ ಹೋಗಲಿ, ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ತೆಗೆದುಕೊಳ್ಳಲಿ. ಕಣ್ಣು ಕಿತ್ತುಹಾಕು ಎಂಬ ಮಾತನ್ನು ನಮ್ಮ ಊರಿನಲ್ಲಿ ನಡೆಸುವ ರೀತಿ ನನಗೆ ಹೀಗೆ ಕಾಣುತ್ತದೆ. ಸ್ಟಾರ್ಟರಿಗೆ ಕೊಡುವ ದುಡ್ಡು ನಾಲ್ಕು ರಾತ್ರಿಯ ನಿದ್ದೆಗೆ ಸಮ ಅಲ್ಲ.

ಆ ಗ್ರೂಪಿನಿಂದ ಅವರು ಇವತ್ತೇ ಹೊರಬರಬೇಕು. ಗೆಳೆಯರು ನಗುತ್ತಾರೆ, ನಗಲಿ. ದೊಡ್ಡವರು ತಮ್ಮಷ್ಟಕ್ಕೆ ನೋಡುವುದನ್ನು ನಮ್ಮ ಕಾನೂನು ನೇರವಾಗಿ ಹಿಡಿಯುವುದಿಲ್ಲ, ಆದರೆ ಅಂಥ ವಿಡಿಯೊವನ್ನು ಬೇರೆಯವರಿಗೆ ಕಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಸೆಕ್ಷನ್ ಅಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋಗಿ ಬರುವ ಸಂಸಾರಸ್ಥ ಇದನ್ನು ತಿಳಿದಿರಲಿ.

ಆಮೇಲೆ ಅವರಿಗೆ ಹೇಳಿಕೊಳ್ಳಲು ಗಂಡಸರು ಬೇಕು. ಯಾರ ಹತ್ತಿರಾನೂ ಬಾಯಿ ಬಿಡಬೇಡ ಎಂಬ ಹಿರಿಯಮ್ಮನ ಮಾತಿಗೆ ನಾನು ಹೆಚ್ಚು ಹೆದರುವುದು ಇಲ್ಲೇ. ನಿಮ್ಮದು ಚಿಕ್ಕ ಸಭೆ, ನಾಳೆ ಎಲ್ಲರ ಬಾಯಿಗೆ ಬೀಳುತ್ತದೆ, ಹೊರಗಿನವರು ಕ್ರೈಸ್ತರನ್ನು ನೋಡಿ ನಗುತ್ತಾರೆ ಎಂಬ ಭಯ ನನಗೆ ಗೊತ್ತು. ಇಡೀ ಸಭೆಗೆ ಹೇಳಿ ಎನ್ನುತ್ತಿಲ್ಲ, ಒಬ್ಬಿಬ್ಬರಿಗೆ ಸಾಕು. ಅದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿಯೇ. ಈ ಜಿಲ್ಲೆಯಲ್ಲಿ ನಮ್ಮ ಹಲವು ಸಭೆಗಳ ಬೇರು ನಿಮಗೆ ಪಕ್ಕದ ಗುಬ್ಬಿಯಲ್ಲಿ, ತುಮಕೂರಿನಲ್ಲಿ ಇದೆ. 1830ರ ದಶಕದಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಮೆಥೋಡಿಸ್ಟ್ ಮಿಷನರಿ ಗುಬ್ಬಿಗೆ ಬಂದು ಕೆಲಸ ಶುರುಮಾಡಿದರು. 1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾದಾಗ ಆ ಮೆಥೋಡಿಸ್ಟ್ ಸಭೆಗಳು ಅದರಲ್ಲಿ ಸೇರಿದವು. ಆ ಪರಂಪರೆಯ ಹಿರಿಯ ಜಾನ್ ವೆಸ್ಲಿ 1738ರಲ್ಲೇ ಸಣ್ಣ ಸಣ್ಣ ಕೂಟಗಳಿಗೆ ನಿಯಮ ಬರೆದಿಟ್ಟಿದ್ದರು. ಗಂಡಸರದು ಬೇರೆ, ಹೆಂಗಸರದು ಬೇರೆ. ವಾರಕ್ಕೊಮ್ಮೆ ಸೇರಿ, ಹೋದ ಸಲ ಸೇರಿದ ಮೇಲೆ ಎಲ್ಲಿ ಎಡವಿದೆ, ಯಾವ ಶೋಧನೆ ಬಂತು ಎಂದು ಒಬ್ಬರಿಗೊಬ್ಬರು ಮುಚ್ಚದೆ ಹೇಳಿಕೊಳ್ಳಬೇಕಿತ್ತು. ಪಾಪಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಂಡು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವ ಬಗ್ಗೆ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿರುವ ಮಾತೇ ಅದಕ್ಕೆ ತಳಪಾಯ. ಕಟ್ಟಡ ಉಳಿಸಿಕೊಂಡೆವು, ಹಾಡು ಉಳಿಸಿಕೊಂಡೆವು, ಆ ಕೂಟವನ್ನು ಕಳೆದುಕೊಂಡೆವು. ಇದು ನನ್ನ ಎದೆಯಲ್ಲಿರುವ ದುಃಖ. ನಿನ್ನ ಯಜಮಾನರು ಪಾಸ್ಟರ್ ಅಯ್ಯನವರ ಹತ್ತಿರ ತಾವೇ ಹೋಗಿ ಹೇಳಲಿ. ಬಾಯಿ ಬಿಗಿಯಿರುವ, ವಯಸ್ಸಾದ ಇನ್ನೊಬ್ಬ ಗಂಡಸು ಜೊತೆಗಿದ್ದರೆ ಸಾಕು. ವಾರಕ್ಕೊಮ್ಮೆ ಮೂವರು ಕೂರಲಿ. ಹಾಡು ಎತ್ತಿಕೊಡುವ ಕೆಲಸ ಮುಂದುವರಿಸುವುದೋ ಕೆಲವು ತಿಂಗಳು ಬಿಡುವುದೋ ಅಯ್ಯನವರೇ ತೀರ್ಮಾನಿಸಲಿ, ಆ ಭಾರ ನಿನ್ನದಲ್ಲ.

ನಿನ್ನನ್ನು ಕಾವಲುಗಾರ್ತಿ ಮಾಡಬೇಡಿ ಎಂದು ಅವರಿಗೂ ಹೇಳುತ್ತಿದ್ದೇನೆ. ದಿನಾ ರಾತ್ರಿ ಫೋನು ಕಸಿದು ತಡಕುವ ಹೆಂಡತಿ ಎರಡೇ ತಿಂಗಳಲ್ಲಿ ತಾನೇ ಕಾಯಿಲೆ ಬೀಳುತ್ತಾಳೆ, ನಾನು ಕಂಡಿದ್ದೇನೆ. ಆದರೆ ಕೇಳುವ ಹಕ್ಕು ನಿನಗಿದೆ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ದಿನ ಅದನ್ನು ಒಡೆದು ನೋಡುವುದಿಲ್ಲ, ಆದರೆ ಆಗಾಗ ಅಟ್ಟ ಹತ್ತಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಸದ್ದು ಕೇಳುತ್ತೀರಿ. ಅದನ್ನು ಅನುಮಾನ ಎಂದು ಯಾರೂ ಅನ್ನುವುದಿಲ್ಲ. ಹೇಗಿದ್ದೀರಿ ಎಂದು ತಿಂಗಳಿಗೊಮ್ಮೆ ಕೇಳು, ಅವರು ನಿಜ ಹೇಳಬೇಕು. ಬಿದ್ದಿದ್ದರೆ ಬಿದ್ದೆ ಎನ್ನಬೇಕು. ಬಿದ್ದದ್ದನ್ನು ಮುಚ್ಚಿಟ್ಟರೆ ಮಾತ್ರ ಮತ್ತೆ ಮೊದಲಿನಿಂದ.

ಕ್ಷಮಿಸಿಬಿಡು ಎಂದರಲ್ಲ. ಕ್ಷಮೆ ದೇವರ ಆಜ್ಞೆ, ನಾನು ಅದನ್ನು ಕಡಿಮೆ ಮಾಡಲಾರೆ. ಆದರೆ ಸಿಟ್ಟು ಇಲ್ಲದವಳಂತೆ ನಟಿಸುವುದು ಕ್ಷಮೆಯಲ್ಲ. 51ನೇ ಕೀರ್ತನೆ ದಾವೀದನಿಗೆ ಬಂದದ್ದು ನಾತಾನ ಬಾಯಿ ಮುಚ್ಚಿಕೊಂಡಿದ್ದರಿಂದಲ್ಲ. ಈ ಭಾನುವಾರ ಅವರ ಪಕ್ಕ ಮೊಣಕಾಲೂರಲು ಮನಸ್ಸಿಲ್ಲದಿದ್ದರೆ ಊರಬೇಡ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬಾ ಎಂಬ ಅರ್ಥದ ಮಾತು ಅದೇ ಮತ್ತಾಯ 5ರಲ್ಲಿದೆ. ಆ ಮಾತು ತಪ್ಪು ಮಾಡಿದವರನ್ನು ಉದ್ದೇಶಿಸಿದ್ದು, ಹಾಗಾಗಿ ಎದ್ದು ಬರಬೇಕಾದವರು ಅವರು. ಕರ್ತನ ಭೋಜನ ನಿನಗೆ ಬೇಕೆನಿಸಿದರೆ ಮಕ್ಕಳ ಜೊತೆ ನೀನು ಮುಂದೆ ಹೋಗು. ಯಾರಿಗೂ ಕಾರಣ ಹೇಳಬೇಕಿಲ್ಲ.

ಮಗನ ವಿಷಯದಲ್ಲಿ ತಡ ಮಾಡಬೇಡಿ. ವಾಟ್ಸ್‌ಆಪ್‌ಗೆ ಬಂದದ್ದು ತಾನೇ ಗ್ಯಾಲರಿಗೆ ಇಳಿಯುತ್ತದೆ, ಅವನು ನೋಡಿರುವ ಸಾಧ್ಯತೆ ಇದೆ. ಬೈಯದೆ ಕೇಳಿ. ಕೇಳುವವರು ಅಪ್ಪನೇ ಆಗಿರಲಿ. ತೋಟದಲ್ಲಿ ಕಾಯಿ ಆರಿಸುತ್ತಲೋ, ನೀರು ಕಟ್ಟುತ್ತಲೋ, ಮುಖಕ್ಕೆ ಮುಖ ಕೊಡದೆ ಮಾತಾಡಿದರೆ ಆ ವಯಸ್ಸಿನ ಹುಡುಗರು ಬಾಯಿ ಬಿಡುತ್ತಾರೆ. ಫೋನಿನಲ್ಲಿ ಕೆಟ್ಟ ವಿಡಿಯೊ ಕಂಡಿದ್ದೀಯಾ, ಕಂಡಿದ್ದರೆ ನಿನ್ನ ತಪ್ಪಲ್ಲ, ಅದು ನಿಜವಾದ ಪ್ರೀತಿ ಅಲ್ಲ, ಅದರಲ್ಲಿರುವವರಿಗೆ ನೋವಾಗಿರುತ್ತದೆ. ಇಷ್ಟು ಸಾಕು. ನಾನೂ ತಪ್ಪು ಮಾಡಿದ್ದೇನೆ, ಬಿಡುತ್ತಿದ್ದೇನೆ ಎನ್ನುವ ಧೈರ್ಯ ಅಪ್ಪನಿಗಿದ್ದರೆ ಇನ್ನೂ ಒಳ್ಳೆಯದು, ಆದರೆ ಒತ್ತಾಯವಿಲ್ಲ.

ಒಂದು ಮಾತು ಮಾತ್ರ ಅವನಿಗೆ ಬಿಡಿಸಿ ಹೇಳಲೇಬೇಕು. ಹೈಸ್ಕೂಲು ಹುಡುಗರ ನಡುವೆ ಸಹಪಾಠಿ ಹುಡುಗಿಯ ಫೋಟೊ, ವಿಡಿಯೊ ಓಡಾಡುವುದು ಈಗ ಹೊಸದಲ್ಲ. 18 ತುಂಬದವರ ಅಂಥ ದೃಶ್ಯವನ್ನು ಕಳಿಸುವುದಿರಲಿ, ತಿಳಿದೂ ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ಅದನ್ನು ಅಶ್ಲೀಲ ಚಿತ್ರ ಎಂದು ಕರೆಯುವುದೇ ತಪ್ಪು, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ಎಂದು ಕರೆಯಬೇಕು ಎಂದೂ ಹೇಳಿದೆ. ಅಂಥದ್ದು ಬಂದರೆ ತೋರಿಸಲು ಯಾರಿಗೂ ಫಾರ್ವರ್ಡ್ ಮಾಡದೆ ನಿಮ್ಮ ಹತ್ತಿರ ಬರಲಿ, ನೀವು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಮಾಡಿ.

ಮಗಳಿಗೆ 9 ವರ್ಷ ಎಂದು ಬರೆದಿದ್ದೀಯ, ಅವಳ ಬಗ್ಗೆ ಬೇರೇನೂ ಕೇಳಿಲ್ಲ. ಅವಳೂ ಆ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ನಿನ್ನ ದಪ್ಪದ ಬಗ್ಗೆ ಅವಳ ಮುಂದೆ ನೀನೇ ಬೈದುಕೊಳ್ಳುವುದನ್ನು ಇವತ್ತಿನಿಂದ ನಿಲ್ಲಿಸು.

ಸ್ಟಾರ್ಟರ್ ಹಾಕಿಸಿದ ಮೇಲೆ ಅವರು ರಾತ್ರಿ ಮನೆಯಲ್ಲೇ ಇರುತ್ತಾರೆ. ಮೊದಲ ಕೆಲವು ರಾತ್ರಿ ಇಬ್ಬರಿಗೂ ಕಷ್ಟ. ಅವರಿಗೆ ನಿದ್ದೆ ಬರುವುದಿಲ್ಲ, ಸಿಡಿಸಿಡಿ ಎನ್ನುತ್ತಾರೆ. ನಿನಗೆ ಅವರ ಉಸಿರು ಕೇಳಿದರೂ ಸಿಟ್ಟು ಬರುತ್ತದೆ. ಬೇರೆ ಚಾಪೆಯಲ್ಲಿ ಮಲಗಬೇಕೆನಿಸಿದರೆ ಮಲಗು, ಮಕ್ಕಳಿಗೆ ಸೆಖೆ ಎನ್ನು. ನಿದ್ದೆ ಬಾರದಿದ್ದಾಗ ಅವರು ಎದ್ದು ಜಗಲಿಗೆ ಬರಲಿ, ಬೇಕಾದರೆ ನೀನೂ ಬಂದು ಕೂರು, ಮಾತಾಡಲೇಬೇಕೆಂದಿಲ್ಲ. ಫ್ಲಾಸ್ಕಿನ ಟೀ ಈಗ ಅಲ್ಲೇ ಇಬ್ಬರಿಗೂ ಆಗುತ್ತದೆ.

ಈ ಕಾಗದವನ್ನು ಅವರ ಕೈಗೆ ಕೊಡು, ಒಬ್ಬರೇ ಓದಲಿ. ಏನಾಯಿತೆಂದು ಕ್ರಿಸ್ಮಸ್‌ಗೆ ಮೊದಲು ನನಗೆ ಒಂದು ಸಾಲು ಬರೆ.

ನಿನ್ನ ಅಕ್ಕ